ನಗುವ ಕೂಸು, ಬದಲಾದ ಕೂಸು: ಮುಂಬಯಿ ಪರಿಸರದ ಶಿಶುಹರಣದ ನಂಬಿಕೆಗಳು

1

ಹೆತ್ತ ತಾಯಿಯ ಮಗ್ಗುಲಿನಿಂದ ಕೂಸನ್ನು ಕದ್ದೊಯ್ದು, ಅದರ ಜಾಗದಲ್ಲಿ ಅದೇ ರೂಪಿನ ಬೇರೊಂದು ಜೀವವನ್ನು ಇಟ್ಟುಹೋಗುವ ಅದೃಶ್ಯ ಕುಲವೊಂದಿದೆ ಎಂಬ ನಂಬಿಕೆ ಪಶ್ಚಿಮ ಯುರೋಪಿನ ಜನಪದದಲ್ಲಿ ಬಹು ವ್ಯಾಪಕವಾದುದು. ಹಾಗೆ ಇಟ್ಟುಹೋದ ಜೀವಕ್ಕೆ ಅಲ್ಲಿ ‘ಚೇಂಜ್‌ಲಿಂಗ್’ ಎಂದು ಹೆಸರು. ನಮ್ಮ ಚರ್ಚೆಯ ಅನುಕೂಲಕ್ಕಾಗಿ ಇದನ್ನು ‘ಬದಲುಕೂಸು’ ಎಂದು ಕರೆಯೋಣ. ಕದಿಯುವವರು ಅಲ್ಲಿಯ ‘ಫೇರಿ’ಗಳು, ನಮ್ಮ ಅನುವಾದಕರು ಇವರನ್ನು ಕಿನ್ನರಿಯರೆಂದೂ ಯಕ್ಷಿಣಿಯರೆಂದೂ ಕರೆದಿದ್ದಾರೆ. ಕಥೆ, ಕಾದಂಬರಿಗಳಲ್ಲಿ ಈ ವಸ್ತು ಇಂದಿಗೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿರುವುದರಿಂದ, ಇದು ಕೇವಲ ಪಶ್ಚಿಮದ ಕಲ್ಪನೆ ಎಂಬ ಭಾವನೆ ನಮ್ಮ ಓದುಗರಲ್ಲಿ ಬೇರೂರಿದೆ.

ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಮುಂಬಯಿ ನಗರ ಮತ್ತು ಅದರ ಸುತ್ತಣ ಪ್ರದೇಶದ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮುಂಬಯಿಯನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಪಶ್ಚಿಮ ಭಾರತದ ಜನಪದ ನಂಬಿಕೆಗಳನ್ನು ಆಧುನಿಕ ಕಾಲದಲ್ಲಿ ಕಲೆಹಾಕಿ ಅಚ್ಚುಮಾಡುವ ಕಾರ್ಯದ ಕೇಂದ್ರ ಮುಂಬಯಿಯೇ ಆಗಿತ್ತು. ಎರಡನೆಯದಾಗಿ, ಕೊಂಕಣದ ಕೋಳಿಗರು, ಪಾರಸಿಗಳು, ಗುಜರಾತಿಗಳು, ಘಟ್ಟದ ಮೇಲಿನ ಮರಾಠಿಗರು, ತುಳುನಾಡಿನವರು, ಬಿಜಾಪುರ, ಕಲಬುರ್ಗಿಗಳ ಕಡೆಯಿಂದ ಕೂಲಿಗೆ ಬಂದ ಕನ್ನಡಿಗರು ತಂತಮ್ಮ ಬಾಣಂತಿ ಕೋಣೆಯ ಭಯಗಳನ್ನೂ ರಕ್ಷಣೆಗಳನ್ನೂ ಹೊತ್ತುತಂದು ಒಂದೇ ಚಾಳಿನ ಗೋಡೆಗಳ ನಡುವೆ ಬಾಳಿದ ಊರು ಇದು. ಈ ಭಯಗಳನ್ನು ಮೂಢನಂಬಿಕೆಗಳೆಂದು ಬದಿಗೆ ಸರಿಸುವ ಮೊದಲು ಅವು ಯಾವ ಅನುಭವದಿಂದ ಹುಟ್ಟಿದವು ಎಂಬುದನ್ನು ಕೇಳಿಕೊಳ್ಳುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವೆಂದು ನಾವು ತಿಳಿಯುತ್ತೇವೆ.

2

ಆಕರಗಳ ಬಗ್ಗೆ ಮೊದಲು ಒಂದೆರಡು ಮಾತು. 1886ರಲ್ಲಿ ಮುಂಬಯಿಯಲ್ಲಿ ಮಾನವಶಾಸ್ತ್ರ ಸಂಘ ಸ್ಥಾಪಿತವಾಯಿತು. ಅದರ ನಿಯತಕಾಲಿಕದ ಸಂಪುಟಗಳಲ್ಲಿ ಹುಟ್ಟು, ಸಾವು, ದೃಷ್ಟಿ, ದೆವ್ವಗಳಿಗೆ ಸಂಬಂಧಿಸಿದ ಅನೇಕ ಬರಹಗಳು ಪ್ರಕಟವಾದವು. ಪಾರಸಿ ವಿದ್ವಾಂಸರಾದ ಜೀವನಜಿ ಜಮಶೇಡಜಿ ಮೋದಿಯವರು ಈ ಕಾರ್ಯದಲ್ಲಿ ಪ್ರಮುಖರು. ಇದೇ ಕಾಲದಲ್ಲಿ ಎ.ಎಂ.ಟಿ. ಜಾಕ್ಸನ್ ಎಂಬ ಅಧಿಕಾರಿ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ಶಾಲಾ ಮಾಸ್ತರರ ಮೂಲಕ ಉತ್ತರಗಳನ್ನು ತರಿಸಿಕೊಂಡನು. 1909ರ ಡಿಸೆಂಬರ್ 21ರಂದು ನಾಸಿಕದಲ್ಲಿ ಅವನ ಹತ್ಯೆಯಾಯಿತು. ಅವನು ಬಿಟ್ಟುಹೋದ ಸಾಮಗ್ರಿಯನ್ನು ಆರ್.ಇ. ಎಂಥೋವೆನ್ ಪರಿಷ್ಕರಿಸಿ, ಗುಜರಾತಿನ ಸಂಪುಟವನ್ನು 1914ರಲ್ಲಿಯೂ ಕೊಂಕಣದ ಸಂಪುಟವನ್ನು 1915ರಲ್ಲಿಯೂ ಹೊರತಂದನು. 1924ರಲ್ಲಿ ಅವನದೇ ‘ದಿ ಫೋಕ್‌ಲೋರ್ ಆಫ್ ಬಾಂಬೆ’ ಪ್ರಕಟವಾಯಿತು.

ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಇಲಾಖೆಯಲ್ಲಿಯೇ ಇದ್ದವೆಂಬುದನ್ನು ಕನ್ನಡ ಓದುಗರು ನೆನಪಿನಲ್ಲಿಡಬೇಕು. 1956ರವರೆಗೂ ಈ ಜಿಲ್ಲೆಗಳ ಆಡಳಿತದ ರಾಜಧಾನಿ ಮುಂಬಯಿಯಾಗಿತ್ತು. ಹೀಗಾಗಿ ಈ ಸಂಗ್ರಹಗಳು ನಮಗೆ ಹೊರಗಿನವಲ್ಲ.

ಆದರೆ ಈ ಆಕರಗಳಿಗೆ ಒಂದು ದೊಡ್ಡ ಮಿತಿಯಿದೆ. ಪ್ರಶ್ನೆ ಕೇಳಿದವರು ಗಂಡಸರು, ಉತ್ತರ ಬರೆದ ಮಾಸ್ತರರೂ ಬಹುತೇಕ ಗಂಡಸರು. ಬಾಣಂತಿ ಕೋಣೆಯೋ, ಗಂಡಸರಿಗೆ ಪ್ರವೇಶವಿಲ್ಲದ ಸ್ಥಳ. ಆದ್ದರಿಂದ ಅಲ್ಲಿ ನಡೆದುದರ ವರದಿ ನಮಗೆ ದೊರೆಯುವುದು ಬಾಗಿಲ ಹೊರಗೆ ನಿಂತವರಿಂದ. ಈ ಎಚ್ಚರವನ್ನು ಇಟ್ಟುಕೊಂಡೇ ಮುಂದುವರಿಯಬೇಕಾಗುತ್ತದೆ.

3

ಮುಂಬಯಿಯಲ್ಲಿ ‘ಫೇರಿ’ಗಳಿಗೆ ಸಮಾನವಾದ ಎರಡು ಪರಂಪರೆಗಳು ಕಾಣಸಿಗುತ್ತವೆ. ಒಂದು, ಪಾರಸಿ ಮೂಲದ ‘ಪರಿ’. ಅವೆಸ್ತಾ ಗ್ರಂಥಗಳಲ್ಲಿ ‘ಪೈರಿಕಾ’ ಎಂಬುದು ಕೆಡುಕಿನ ಸ್ತ್ರೀಶಕ್ತಿ. ಮುಂದಿನ ಪಾರಸಿ ಕಾವ್ಯದಲ್ಲಿ ಅದೇ ಪದ ‘ಪರಿ’ಯಾಗಿ ರೆಕ್ಕೆಯುಳ್ಳ ಸುಂದರಿಯನ್ನು ಸೂಚಿಸತೊಡಗಿತು. ಲಖನೌದ ಅಮಾನತನ ‘ಇಂದರ್ ಸಭಾ’ ನಾಟಕವನ್ನು ಮುಂಬಯಿಯ ಪಾರಸಿ ಕಂಪನಿಗಳು ರಂಗಕ್ಕೆ ತಂದಾಗ ಈ ಪರಿಯರು ನಗರದ ಪ್ರೇಕ್ಷಕರಿಗೆ ಚಿರಪರಿಚಿತರಾದರು. ಆದರೆ ಇವರು ರಂಗದ ಪರಿಯರು. ತೊಟ್ಟಿಲಿನ ಬಳಿಗೆ ಬರುವವರಲ್ಲ.

ತೊಟ್ಟಿಲಿಗೆ ಹತ್ತಿರವಾದವರು ಎರಡನೆಯ ಪರಂಪರೆಯ ‘ಆಸರಾ’ ಅಥವಾ ‘ಸಾತೀ ಆಸರಾ’ ಎಂಬ ಏಳು ಜಲದೇವತೆಯರು. ‘ಅಪ್ಸರಾ’ ಶಬ್ದವೇ ಜನರ ನಾಲಗೆಯಲ್ಲಿ ‘ಆಸರಾ’ ಆಗಿದೆ. ಹೊಳೆಯ ಮಡು, ಕೆರೆಯ ದಂಡೆ, ಬಾವಿಯ ಕಟ್ಟೆ ಇವರ ವಾಸಸ್ಥಾನ. ಸಿಂದೂರ ಬಳಿದ ಏಳು ಕಲ್ಲುಗಳೇ ಇವರ ಮೂರ್ತಿ. ಹಸಿರು ಕುಪ್ಪಸದ ಕಣ, ಅರಿಶಿನ, ಕುಂಕುಮ, ಅನ್ನ ಇವರಿಗೆ ಪ್ರಿಯವಾದ ಕಾಣಿಕೆಗಳು. ಡಿ.ಡಿ. ಕೋಸಂಬಿಯವರು 1962ರಲ್ಲಿ ಮುಂಬಯಿಯಿಂದ ಪ್ರಕಟವಾದ ತಮ್ಮ ‘ಮಿಥ್ ಆ್ಯಂಡ್ ರಿಯಾಲಿಟಿ’ ಗ್ರಂಥದಲ್ಲಿ, ಘಟ್ಟದ ಮಾವಳ ಪ್ರದೇಶದ ಹೆಸರನ್ನೇ ಇಂಥ ಗುಂಪುದೇವತೆಯರಾದ ‘ಮಾವಲಾಯಾ’, ಎಂದರೆ ಪುಟ್ಟ ತಾಯಂದಿರು, ಇವರಿಗೆ ಜೋಡಿಸಿದ್ದಾರೆ. ಆ್ಯನ್ ಫೆಲ್ಡ್‌ಹೌಸ್ ಅವರು 1995ರಲ್ಲಿ ಪ್ರಕಟಿಸಿದ ಮಹಾರಾಷ್ಟ್ರದ ನದಿಗಳ ಅಧ್ಯಯನದಲ್ಲಿ, ಮಕ್ಕಳನ್ನು ಕೊಡುವ ಶಕ್ತಿಯೂ ಬಾಣಂತಿಯನ್ನು, ಎಳೆಗೂಸನ್ನು ಬಾಧಿಸುವ ಶಕ್ತಿಯೂ ಈ ಆಸರೆಯರಲ್ಲಿ ಒಟ್ಟಿಗೆ ಇರುವುದನ್ನು ತೋರಿಸಿದ್ದಾರೆ.

ಕೊಂಕಣದ ಸಂಪುಟದಲ್ಲಿ ಆಸರೆಯರ ಹುಟ್ಟಿನ ಬಗ್ಗೆ ದೊರೆಯುವ ವಿವರಣೆ ವಿಶೇಷವಾಗಿ ಗಮನಿಸತಕ್ಕದ್ದು. ಅದರಂತೆ ಇವರು ಸ್ವರ್ಗದಿಂದ ಇಳಿದುಬಂದವರಲ್ಲ. ಒಂದೋ ಎರಡೋ ಮಕ್ಕಳನ್ನು ಹೆತ್ತ ಮೇಲೆ ನೀರಿಗೆ ಬಿದ್ದು ಪ್ರಾಣ ಬಿಟ್ಟ ಎಳೆಯ ಹೆಂಗಸರು. ನಡುಹಗಲು, ಮುಸ್ಸಂಜೆ, ನಡುರಾತ್ರಿಗಳಲ್ಲಿ ಮೂರರಿಂದ ಏಳು ಮಂದಿ ಒಟ್ಟಾಗಿ ಸಂಚರಿಸುತ್ತಾರೆ. ಇವರ ಕಣ್ಣಿಗೆ ಬೀಳುವವರೂ ಬಹುಮಟ್ಟಿಗೆ ಹೆಂಗಸರೇ. ಅಪ್ಸರೆ ಎಂಬ ಪುರಾಣದ ಹೆಸರಿನ ಕೆಳಗೆ, ಬದುಕನ್ನು ತಾಳಲಾರದೆ ಬಾವಿಯನ್ನು ಹೊಕ್ಕ ತಾಯಂದಿರ ನೆನಪು ಹೀಗೆ ಉಳಿದುಬಂದಿದೆ. ನಮ್ಮ ಹಳ್ಳಿಗಳಲ್ಲಿ ಬಾಣಂತಿಯು ನೀರು ಸೇದುವ ಮೊದಲು ಗಂಗೆಪೂಜೆ ಮಾಡಿ, ಬಾವಿಗೆ ಅರಿಶಿನ, ಕುಂಕುಮ ಏರಿಸುವ ಪದ್ಧತಿಯನ್ನು ಈ ಬೆಳಕಿನಲ್ಲಿ ನೋಡಿದರೆ, ಅದು ನೀರಿನಲ್ಲಿರುವವರೊಂದಿಗೆ ಬದುಕಿರುವ ತಾಯಿ ಮಾಡಿಕೊಳ್ಳುವ ಒಪ್ಪಂದದಂತೆ ತೋರುತ್ತದೆ.

ನಗರದಲ್ಲಿ ಈ ನಂಬಿಕೆ ಒಂದು ಸಂದರ್ಭದಲ್ಲಿ ಸಾರ್ವಜನಿಕ ಪ್ರಶ್ನೆಯೇ ಆಯಿತು. 1860ರಲ್ಲಿ ವಿಹಾರ ಕೆರೆಯ ನೀರು ಮುಂಬಯಿಗೆ ಬಂದ ಮೇಲೂ ಮನೆಮನೆಯ ಬಾವಿಗಳು ಉಳಿದುಕೊಂಡಿದ್ದವು. 1911ರಲ್ಲಿ ಡಾ. ಬೆಂಟ್ಲಿಯವರ ಮಲೇರಿಯಾ ವರದಿ ಈ ಬಾವಿಗಳನ್ನೇ ಸೊಳ್ಳೆಗಳ ತವರೆಂದು ಬೊಟ್ಟುಮಾಡಿತು. ಅವುಗಳನ್ನು ಮುಚ್ಚುವ ಕಾರ್ಯ ಪ್ರಾರಂಭವಾಯಿತು. ಪುರಸಭೆಯ ಅಧಿಕಾರಿಯಾಗಿದ್ದ ಆರ್.ಪಿ. ಮಸಾನಿಯವರು 1918ರಲ್ಲಿ ಬಾವಿಗಳ ಜನಪದವನ್ನು ಕುರಿತು ಪ್ರಕಟಿಸಿದ ಪುಸ್ತಕದ ಹಿನ್ನೆಲೆ ಇದೇ. ಬಾವಿಯಲ್ಲಿರುವ ದೈವಕ್ಕೆ ಬಂದುಹೋಗಲು ದಾರಿ ಬೇಡವೇ ಎಂಬುದು ಆಗ ಮನೆಯೊಡೆಯರನ್ನು ಕಾಡಿದ ಚಿಂತೆಯಾಗಿತ್ತು. ಇದನ್ನು ಓದಿ ನಗುವುದು ಸುಲಭ. ಆದರೆ ಬಾವಿಯನ್ನು ಪೂರ್ತಿಯಾಗಿ ಮುಚ್ಚಿದರೆ ಒಳಗಿರುವವಳು ತೊಟ್ಟಿಲ ಮೇಲೆ ಮುನಿದಾಳೆಂದು ನಂಬಿದ್ದ ಮನೆಗೆ ಇದು ನಗೆಯ ವಿಷಯವಾಗಿರಲಿಲ್ಲ.

4

ನೀರಿನ ದೇವತೆಯರಷ್ಟೇ ಮುಖ್ಯಳಾದವಳು ಆರನೆಯ ರಾತ್ರಿಯ ದೇವತೆ. ಸಂಸ್ಕೃತದ ಷಷ್ಠಿಯೇ ಮರಾಠಿಯಲ್ಲಿ ಸಟೀ, ಸಟವಾಯಿ ಎನಿಸಿಕೊಂಡಿದ್ದಾಳೆ. ಉತ್ತರ ಕರ್ನಾಟಕದಲ್ಲಿ ಸೆಟವಿ, ಶೆಟಿಗೆವ್ವ ಎಂದು ಕರೆಯಿಸಿಕೊಳ್ಳುವವಳೂ ಇವಳೇ. ಕೂಸು ಹುಟ್ಟಿದ ಆರನೆಯ ರಾತ್ರಿ ಇವಳು ಬಂದು ಅದರ ಹಣೆಬರಹ ಬರೆಯುತ್ತಾಳೆ. ಅದಕ್ಕಾಗಿ ಕೊಂಕಣದ ಮನೆಗಳಲ್ಲಿ ಬಿಳಿಯ ಕಾಗದ, ಲೆಕ್ಕಣಿಕೆ, ಮಸಿಗಳನ್ನು ಇಡುತ್ತಿದ್ದರು. ಆ ರಾತ್ರಿ ದೀಪ ಆರಬಾರದು, ಹೆಂಗಸರು ನಿದ್ದೆ ಮಾಡಬಾರದು. ತಲೆದಿಂಬಿನ ಕೆಳಗೆ ಕುಡುಗೋಲೋ ಚಾಕುವೋ ಇರಬೇಕು. ನಮ್ಮ ಕಡೆ ಐದನೆಯ ದಿನದ ‘ಐದೇಶಿ’ಯ ಆಚರಣೆಯೂ ಇದೇ ಭಾವದ್ದು.

ಈ ಜಾಗರಣೆ ಎಷ್ಟು ಆಳವಾಗಿ ಬೇರುಬಿಟ್ಟಿತ್ತೆಂಬುದಕ್ಕೆ ಅನಿರೀಕ್ಷಿತವಾದ ಒಂದು ಸಾಕ್ಷ್ಯವಿದೆ. 1736ರಲ್ಲಿ ಗೋವೆಯ ಇನ್‌ಕ್ವಿಸಿಶನ್ ಹೊರಡಿಸಿದ ಆಜ್ಞಾಪತ್ರದಲ್ಲಿ ಕ್ರೈಸ್ತರಾದ ಸ್ಥಳೀಯರು ಬಿಡಬೇಕಾದ ಆಚಾರಗಳ ಉದ್ದನೆಯ ಪಟ್ಟಿಯಿದೆ. ಮಗು ಹುಟ್ಟಿದ ಆರನೆಯ ರಾತ್ರಿಯ ಜಾಗರಣೆಯೂ ಅದರಲ್ಲಿ ಸೇರಿದೆ. ಅ.ಕಾ. ಪ್ರಿಯೋಳ್ಕರರು 1961ರಲ್ಲಿ ಮುಂಬಯಿಯಿಂದ ಪ್ರಕಟಿಸಿದ ಗ್ರಂಥದ ಮೂಲಕ ಈ ಆಜ್ಞೆ ವಿದ್ವಾಂಸರಿಗೆ ಸುಪರಿಚಿತವಾಗಿದೆ. ಇಂದಿನ ಮುಂಬಯಿಯ ಉಪನಗರಗಳು ಹರಡಿಕೊಂಡಿರುವ ಸಾಷ್ಟಿ ದ್ವೀಪವೂ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಮರಾಠರು ವಸಾಯಿಯನ್ನು ಗೆದ್ದುದು 1739ರಲ್ಲಿ. ಮತ ಬದಲಾದರೂ ಆರನೆಯ ರಾತ್ರಿಯ ಭಯ ಬದಲಾಗಿರಲಿಲ್ಲವೆಂದು ಈ ನಿಷೇಧವೇ ಹೇಳುತ್ತದೆ. ಇಲ್ಲದ ಆಚಾರವನ್ನು ಯಾರೂ ನಿಷೇಧಿಸುವುದಿಲ್ಲ.

ನಿದ್ದೆಯಲ್ಲಿ ಕೂಸು ತಾನೇ ತಾನಾಗಿ ನಕ್ಕರೆ ಸಟವಾಯಿ ನಗಿಸುತ್ತಿದ್ದಾಳೆ, ಮುಖ ಕಿವುಚಿ ಅತ್ತರೆ ಸಟವಾಯಿ ಅಳಿಸುತ್ತಿದ್ದಾಳೆ ಎಂಬ ಮಾತು ಈ ಪ್ರದೇಶದ ಮನೆಗಳಲ್ಲಿ ಸಾಮಾನ್ಯ. ಕನ್ನಡ ಮನೆಗಳಲ್ಲಿ ಇದೇ ಮಾತನ್ನು ಶೆಟಿಗೆವ್ವನ ಹೆಸರಿನಲ್ಲಿಯೋ ದೇವರ ಹೆಸರಿನಲ್ಲಿಯೋ ಆಡುತ್ತಾರೆ. ಕೂಸು ಯಾರನ್ನು ಕಂಡು ನಗುತ್ತದೆ? ಅದಕ್ಕೆ ಕಾಣುವುದು ನಮಗೇಕೆ ಕಾಣುವುದಿಲ್ಲ? ಮುದ್ದಿನ ಈ ಮಾತಿನ ಒಳಗೆ ಅಂಜಿಕೆಯ ಒಂದು ಎಳೆಯೂ ಸೇರಿಕೊಂಡಿದೆ.

5

ಇದುವರೆಗೆ ಕಂಡುದು ಬಾಧಿಸುವ, ಬರೆಯುವ, ಒಯ್ಯುವ ದೇವತೆಯರನ್ನು. ಕೂಸನ್ನು ಬದಲಿಸುವವಳು ನಮ್ಮ ಪರಂಪರೆಯಲ್ಲಿ ಇದ್ದಾಳೆಯೇ? ಇದ್ದಾಳೆ. ಅವಳ ಹೆಸರು ಜಾತಹಾರಿಣಿ. ಹುಟ್ಟಿದ್ದನ್ನು ಅಪಹರಿಸುವವಳು ಎಂದರ್ಥ. ಮಾರ್ಕಂಡೇಯ ಪುರಾಣದಲ್ಲಿ ದುಃಸಹನ ಸಂತತಿಯನ್ನು ವರ್ಣಿಸುವ ಭಾಗದಲ್ಲಿ ಇವಳ ಪ್ರಸ್ತಾಪವಿದೆ. ಬೆಂಕಿ, ನೀರು, ಧೂಪ, ದೀಪ, ಆಯುಧ, ಒನಕೆ, ಬೂದಿ, ಸಾಸಿವೆ ಇವುಗಳಿಲ್ಲದ ಸೂತಿಕಾಗೃಹವನ್ನು ಇವಳು ಹೊಕ್ಕು, ಆಗತಾನೆ ಹುಟ್ಟಿದ ಶಿಶುವನ್ನು ಒಯ್ದು, ಕ್ಷಣದಲ್ಲಿ ತಾನು ಹೆತ್ತ ಶಿಶುವನ್ನು ಅಲ್ಲಿ ಬಿಡುತ್ತಾಳೆ. ಯುರೋಪಿನ ಬದಲುಕೂಸಿನ ಲಕ್ಷಣ ಇಲ್ಲಿ ಪೂರ್ಣವಾಗಿದೆ. ಅಲ್ಲಿಯ ತೊಟ್ಟಿಲ ಮೇಲೆ ಕಬ್ಬಿಣದ ಕತ್ತರಿ, ಇಕ್ಕಳಗಳನ್ನು ಇಡುವ ಪದ್ಧತಿಗೂ ಇಲ್ಲಿಯ ಆಯುಧ, ಒನಕೆಗಳಿಗೂ ಇರುವ ಹೋಲಿಕೆಯನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ಪುರಾಣದ ಚಾಕ್ಷುಷ ಮನುವಿನ ವೃತ್ತಾಂತದಲ್ಲಿ ಈ ನಂಬಿಕೆ ಪೂರ್ಣವಾದ ಕಥೆಯ ರೂಪವನ್ನು ತಾಳುತ್ತದೆ. ರಾಜರ್ಷಿ ಅನಮಿತ್ರನ ಪತ್ನಿ ಹಸುಗೂಸನ್ನು ಎತ್ತಿಕೊಂಡು ಮುದ್ದಿಸುತ್ತಿರುವಾಗ ಅದು ನಗುತ್ತದೆ. ಬೆದರಿದ ತಾಯಿ ಕಾರಣ ಕೇಳುತ್ತಾಳೆ. ಹಿಂದಿನ ಜನ್ಮಗಳ ನೆನಪುಳ್ಳ ಆ ಶಿಶು, ತನ್ನನ್ನು ತಿನ್ನಲು ಎದುರಿಗೆ ಒಂದು ಬೆಕ್ಕು ಕಾದಿದೆ, ಕಣ್ಣಿಗೆ ಬೀಳದ ಜಾತಹಾರಿಣಿಯೂ ಕಾದಿದ್ದಾಳೆ. ಅವರಿಬ್ಬರಿಗೆ ತನ್ನಿಂದ ಈಗಲೇ ಪ್ರಯೋಜನ ಬೇಕು, ತಾಯಿಗಾದರೋ ಅದು ಮೆಲ್ಲಮೆಲ್ಲನೆ ಬೇಕು, ಅಷ್ಟೇ ವ್ಯತ್ಯಾಸ ಎನ್ನುತ್ತದೆ. ಮನನೊಂದ ತಾಯಿ ಕೂಸನ್ನು ಬಿಟ್ಟು ಹೊರನಡೆಯುತ್ತಾಳೆ. ಜಾತಹಾರಿಣಿ ಅದನ್ನು ಎತ್ತಿಕೊಂಡು ಹೋಗಿ ವಿಕ್ರಾಂತನೆಂಬ ಅರಸನ ಪತ್ನಿಯ ಮಗ್ಗುಲಲ್ಲಿ ಮಲಗಿಸುತ್ತಾಳೆ. ಆ ಅರಸನ ಮಗುವನ್ನು ಬೋಧನೆಂಬ ಬ್ರಾಹ್ಮಣನ ಮನೆಯಲ್ಲಿ ಇರಿಸುತ್ತಾಳೆ. ಬ್ರಾಹ್ಮಣನ ಮಗುವನ್ನು ತಿನ್ನುತ್ತಾಳೆ. ಎರಡು ಮನೆಗಳಲ್ಲಿ ಅದಲುಬದಲು, ಮೂರನೆಯದು ಆಹಾರ. ಇದೇ ಅವಳ ನಿತ್ಯದ ಕ್ರಮ.

ವಿಕ್ರಾಂತನ ಅರಮನೆಯಲ್ಲಿ ಬೆಳೆದ ಹುಡುಗನಿಗೆ ಆನಂದನೆಂದು ಹೆಸರು. ಉಪನಯನದ ವೇಳೆ ತಾಯಿಗೆ ನಮಸ್ಕರಿಸು ಎಂದು ಗುರು ಹೇಳಿದಾಗ ಅವನು, ಹೆತ್ತವಳಿಗೋ ಸಾಕಿದವಳಿಗೋ ಎಂದು ಕೇಳುತ್ತಾನೆ. ನಿಜವಾದ ಅರಸುಮಗ ಚೈತ್ರನು ವಿಶಾಲ ಗ್ರಾಮದ ಬೋಧನ ಮನೆಯಲ್ಲಿದ್ದಾನೆಂದು ತಿಳಿಸಿ, ತಾನು ತಪಸ್ಸಿಗೆ ಹೊರಡುತ್ತಾನೆ. ಕೂಸಿನ ನಗು, ಬೆಕ್ಕು, ಕಾಣದ ಕೈ, ಈ ಮೂರೂ ಇಲ್ಲಿ ಒಂದೆಡೆ ಸೇರಿವೆ. ಬಂಗಾಳದ ವ್ರತಕಥೆಯಲ್ಲಿ ಷಷ್ಠಿಯ ವಾಹನವಾದ ಬೆಕ್ಕೇ ಸೊಸೆಯ ಮಕ್ಕಳನ್ನು ಹೊತ್ತೊಯ್ಯುವುದನ್ನು ನೆನೆದರೆ, ಆರನೆಯ ರಾತ್ರಿಯ ದೇವತೆಯೂ ಜಾತಹಾರಿಣಿಯೂ ಒಂದೇ ಭಯದ ಸೌಮ್ಯ, ಉಗ್ರ ಮುಖಗಳೆಂದು ಊಹಿಸಬಹುದು.

ಹೆತ್ತ ಮಗುವನ್ನು ಗುರುತಿಸಲಾರದ ತಾಯಿಯ ವಸ್ತು ಜನಪದ ಕಥೆಗಳಲ್ಲಿಯೂ ಇದೆ. ತನ್ನ ಮಗನನ್ನೇ ಮದುವೆಯಾಗುವಂತೆ ಹಣೆಯಲ್ಲಿ ಬರೆಸಿಕೊಂಡ ಹೆಣ್ಣಿನ ಮರಾಠಿ ಕಥೆಯನ್ನು ಇರಾವತಿ ಕರ್ವೆಯವರು 1950ರಲ್ಲಿ ಪ್ರಕಟಿಸಿದರು. ಅದರ ಕನ್ನಡ ರೂಪವನ್ನು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿ ಚರ್ಚಿಸಿದವರು ಎ.ಕೆ. ರಾಮಾನುಜನ್. ಗಡಿಯ ಎರಡೂ ಬದಿಯಲ್ಲಿ ಬರೆಯುವವಳು ಒಬ್ಬಳೇ ಎಂಬುದಕ್ಕೆ ಇದು ಮತ್ತೊಂದು ನಿದರ್ಶನ.

6

ಈಗ ಮುಖ್ಯ ಪ್ರಶ್ನೆಗೆ ಬರಬಹುದು. ಕೂಸು ‘ಬದಲಾಯಿತು’ ಎಂದು ತಾಯಿಗೆ ಅನ್ನಿಸಿದ್ದು ಏಕೆ? ಇದಕ್ಕೆ ಉತ್ತರವನ್ನು ಕೇವಲ ಕಲ್ಪನೆಯಲ್ಲಿ ಹುಡುಕಿದರೆ ಸಾಲದೆಂದು ನಮ್ಮ ಅಭಿಪ್ರಾಯ.

ಹೊಕ್ಕುಳಬಳ್ಳಿಯನ್ನು ಅಶುದ್ಧವಾದ ಉಪಕರಣದಿಂದ ಕೊಯ್ದರೆ ನವಜಾತ ಶಿಶುವಿಗೆ ಧನುರ್ವಾಯು ತಗಲುತ್ತದೆ. ಈ ರೋಗದ ಲಕ್ಷಣಗಳು ಮೊದಲ ಎರಡು ದಿನ ಕಾಣಿಸುವುದಿಲ್ಲ. ಕೂಸು ಎಲ್ಲ ಕೂಸುಗಳಂತೆ ಮೊಲೆಯುಣ್ಣುತ್ತದೆ, ಅಳುತ್ತದೆ. ಮೂರನೆಯ ದಿನದಿಂದ ಮುಂದೆ, ಹೆಚ್ಚಾಗಿ ಆರು, ಏಳು, ಎಂಟನೆಯ ದಿನಗಳ ಆಸುಪಾಸಿನಲ್ಲಿ, ಅದರ ದವಡೆ ಬಿಗಿದುಕೊಳ್ಳುತ್ತದೆ, ಮೊಲೆ ಹಿಡಿಯಲಾರದು, ಮೈ ಬಿಲ್ಲಿನಂತೆ ಸೆಟೆಯುತ್ತದೆ. ಮುಖದ ಸ್ನಾಯುಗಳು ಎಳೆದುಕೊಂಡು ಒಂದು ವಿಕಾರವಾದ ನಗು ಮೂಡುತ್ತದೆ. ಆಧುನಿಕ ವೈದ್ಯಕೀಯವು ಈ ರೋಗವನ್ನು ಗುರುತಿಸುವುದೂ ಹೀಗೆಯೇ: ಮೊದಲೆರಡು ದಿನ ಸರಿಯಾಗಿ ಉಂಡ ಕೂಸು ಆಮೇಲೆ ಉಣ್ಣಲಾರದೆ ಹೋಗುವುದು. ನಿನ್ನೆಯವರೆಗೆ ತನ್ನ ಮೊಲೆಯನ್ನು ಬಲ್ಲ ಕೂಸು ಇಂದು ಅದನ್ನು ಅರಿಯದು, ಅದರ ಮುಖವೂ ನಿನ್ನೆಯ ಮುಖವಲ್ಲ, ಯಾರಿಗೋ ನಗುತ್ತಿದೆ. ತಾಯಿ ಇದನ್ನು ‘ಇದು ನನ್ನ ಕೂಸಲ್ಲ’ ಎಂದಲ್ಲದೆ ಬೇರೆ ಯಾವ ಮಾತಿನಲ್ಲಿ ಹೇಳಿಯಾಳು? ಕಾವಲು ಆರನೆಯ ರಾತ್ರಿಗೇ ನಿಗದಿಯಾದುದು ಷಷ್ಠಿ ಎಂಬ ಹೆಸರಿನ ಕಾರಣದಿಂದ ಮಾತ್ರವಲ್ಲ, ತಲೆಮಾರುಗಳ ತಾಯಂದಿರು ಎಣಿಸಿ ಕಂಡ ದಿನಗಳಿಂದಲೂ ಇರಬೇಕೆಂದು ನಾವು ಸೂಚಿಸಲು ಬಯಸುತ್ತೇವೆ. ಎಲ್ಲ ನಂಬಿಕೆಗೂ ಒಂದೊಂದು ರೋಗವನ್ನು ಹೊಂದಿಸುವ ಉತ್ಸಾಹ ಅಪಾಯಕರವೆಂಬ ಅರಿವು ನಮಗಿದೆ. ಆದರೂ ಇಲ್ಲಿಯ ಹೊಂದಾಣಿಕೆ ಆಕಸ್ಮಿಕವೆಂದು ತಳ್ಳಿಹಾಕುವಷ್ಟು ಸಡಿಲವಾಗಿಲ್ಲ.

ಗಿರಣಿಗಳ ಮುಂಬಯಿ ಇದಕ್ಕೆ ಇನ್ನೊಂದು ಕಾರಣವನ್ನು ಸೇರಿಸಿತು. ಹಾಲೂಡುವ ಕೂಸನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾದ ಕೂಲಿ ಹೆಂಗಸರು ಅದಕ್ಕೆ ‘ಬಾಲಗೋಳಿ’ ಎಂಬ ಅಫೀಮಿನ ಗುಳಿಗೆಯನ್ನು ಕೊಡುತ್ತಿದ್ದರು. 1922ರ ಸುಮಾರಿಗೆ ಗಿರಣಿಯ ಹೆಂಗಸರ ಹೆರಿಗೆಯ ಸ್ಥಿತಿಗತಿಗಳನ್ನು ಪರಿಶೀಲಿಸಿದ ವೈದ್ಯೆ ಡಾ. ಬಾರ್ನ್ಸ್ ಅವರು ಈ ಪದ್ಧತಿಯ ವ್ಯಾಪಕತೆಯನ್ನು ದಾಖಲಿಸಿದರು. ಅಫೀಮು ತಿಂದ ಕೂಸು ಹಸಿವೆಯೆಂದು ಅಳುವುದಿಲ್ಲ. ಸೊರಗುತ್ತದೆ, ಮುದುಕರ ಮುಖ ತಾಳುತ್ತದೆ. ಯುರೋಪಿನ ಕಥೆಗಳ ಬದಲುಕೂಸಿನ ವರ್ಣನೆಯೂ ಮುದುಕರ ಮುಖದ್ದೇ. 1921ರಲ್ಲಿ ಮುಂಬಯಿಯಲ್ಲಿ ದಾಖಲಾದ ಪ್ರತಿ 1000 ಜನನಗಳಿಗೆ ಶಿಶುಮರಣಗಳ ಸಂಖ್ಯೆ ಸುಮಾರು 666. ಒಂದೇ ಕೋಣೆಯ ಬಿಡಾರಗಳಲ್ಲಿ ಅದು 800ನ್ನೂ ಮೀರಿತ್ತು. ಹೆರಿಗೆಗೆ ಊರಿಗೆ ಹೋಗುವವರು, ದಾಖಲಾಗದ ಜನನಗಳು ಇವನ್ನು ಗಣಿಸಿ ಈ ಅಂಕಿಗಳನ್ನು ಎಚ್ಚರದಿಂದ ನೋಡಬೇಕೆಂಬುದು ನಿಜ. ಎಷ್ಟೇ ತಗ್ಗಿಸಿದರೂ, ಒಂದು ಚಾಳಿನಲ್ಲಿ ಆರನೆಯ ರಾತ್ರಿಯ ದೀಪವನ್ನು ಆರದಂತೆ ಕಾಯುತ್ತಿದ್ದ ಹೆಂಗಸರ ಅಂಜಿಕೆ ಬರಿಯ ಭ್ರಮೆಯಾಗಿರಲಿಲ್ಲ ಎಂಬುದು ಸ್ಪಷ್ಟ.

7

ನಂಬಿಕೆ ಒಂದೇ ಆದರೂ ಅದರ ಪರಿಣಾಮ ಒಂದೇ ಆಗಿರಲಿಲ್ಲ. ಐರ್ಲೆಂಡಿನಲ್ಲಿ 1826ರಲ್ಲಿ ಮೈಕೇಲ್ ಲೇಹಿ ಎಂಬ ನಡೆಯಲಾರದ, ಮಾತಾಡಲಾರದ ಬಾಲಕನನ್ನು ಆ್ಯನ್ ರೋಚ್ ಎಂಬ ವೃದ್ಧೆ, ಅವನ ಮೈಯೊಳಗಿನ ಕಿನ್ನರವನ್ನು ಬಿಡಿಸಲೆಂದು ಹೊಳೆಯಲ್ಲಿ ಮುಳುಗಿಸಿದಳು, ಬಾಲಕ ಸತ್ತನು. ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು. 1895ರಲ್ಲಿ ಟಿಪ್ಪರರಿ ಪ್ರಾಂತದ ಮೈಕೇಲ್ ಕ್ಲಿಯರಿ ಎಂಬವನು, ಇವಳು ತನ್ನ ಹೆಂಡತಿಯಲ್ಲ, ಕಿನ್ನರರು ಇಟ್ಟುಹೋದ ಬದಲಿ ಎಂದು ಹೇಳಿ ಬ್ರಿಜೆಟ್ ಕ್ಲಿಯರಿಯನ್ನು ಸುಟ್ಟನು. ಅಲ್ಲಿಯ ನಂಬಿಕೆಯ ತರ್ಕವೇ ಹಾಗಿತ್ತು: ಬದಲಿಯನ್ನು ಹಿಂಸಿಸಿದರೆ ಕದ್ದವರು ನಿಜವಾದ ಮಗುವನ್ನು ಹಿಂದಿರುಗಿಸುತ್ತಾರೆ. ಅಂಗವಿಕಲ ಮಕ್ಕಳ ಪಾಲಿಗೆ ಇದು ಎಂಥ ತರ್ಕವಾಗಿತ್ತೆಂಬುದನ್ನು ಇತ್ತೀಚಿನ ಸಂಶೋಧಕರು ವಿಶದಪಡಿಸಿದ್ದಾರೆ.

ನಮ್ಮ ಸಾಮಗ್ರಿಯಲ್ಲಿ ಚಿಕಿತ್ಸೆಯ ದಿಕ್ಕು ಬೇರೆ. ಬಾಲಗ್ರಹ ಹಿಡಿದ ಕೂಸು ಬೇರೆಯವರದಾಗುವುದಿಲ್ಲ; ಹಿಡಿದವಳಿಗೆ ಕಾಣಿಕೆ ಕೊಟ್ಟು ಬಿಡಿಸಿಕೊಳ್ಳಬೇಕಾದ ನಮ್ಮದೇ ಕೂಸಾಗಿ ಉಳಿಯುತ್ತದೆ. ಪುರಾಣದ ಆನಂದನನ್ನೂ ವಿಕ್ರಾಂತ ಹೊರಹಾಕುವುದಿಲ್ಲ. ಇಷ್ಟನ್ನು ಹೇಳಿ ನಿಲ್ಲಿಸಿದರೆ ಓದುಗರಿಗೆ ಸಂತೋಷವಾದೀತು. ಆದರೆ ಅದು ಅರ್ಧ ಸತ್ಯ.

ಕೂಸಿನ ಮೇಲೆ ಬೀಳದ ಆರೋಪ ಇಲ್ಲಿ ಹೆಂಗಸರ ಮೇಲೆ ಬಿದ್ದಿದೆ. ಕಾಶ್ಯಪ ಸಂಹಿತೆಯ ರೇವತೀಕಲ್ಪವನ್ನು ಓದಿದವರಿಗೆ ಇದು ಗೊತ್ತು. ತಾಯಿಯ ನಡತೆಯ ದೋಷಗಳೇ ಜಾತಹಾರಿಣಿಗೆ ಬಾಗಿಲು ತೆರೆಯುತ್ತವೆಂದು ಆ ವೈದ್ಯಗ್ರಂಥ ಹೇಳುತ್ತದೆ. ನಾನಾ ಜಾತಿ, ಕಸುಬುಗಳ ಹೆಂಗಸರ ಸಂಪರ್ಕದಿಂದ ಅವಳು ಮನೆಯಿಂದ ಮನೆಗೆ ದಾಟುತ್ತಾಳೆಂದೂ ಪಟ್ಟಿ ಕೊಡುತ್ತದೆ. ಮಕ್ಕಳಿಲ್ಲದವಳ ಕಣ್ಣು, ವಿಧವೆಯ ನೆರಳು, ಸೂಲಗಿತ್ತಿಯ ಕೈ ಇವುಗಳ ಬಗ್ಗೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತುಗಳು ಈ ಪಟ್ಟಿಯ ಮುಂದುವರಿಕೆಯೇ. ಆಸರೆಯರೂ ಹಾಗೆಯೇ: ನೊಂದು ನೀರಿಗೆ ಬಿದ್ದ ತಾಯಿಯೇ ಮರುದಿನದಿಂದ ಊರ ಕೂಸುಗಳ ಶತ್ರು ಎನಿಸಿಕೊಂಡಳು. ಅವಳನ್ನು ನೀರಿಗೆ ನೂಕಿದ ಮನೆಯ ಬಗ್ಗೆ ನಂಬಿಕೆ ಏನನ್ನೂ ಕೇಳಲಿಲ್ಲ. ಯುರೋಪು ಬದಲಿಯನ್ನು ಸುಟ್ಟಿತು; ನಾವು ದೂರನ್ನು ಹೊರಿಸಲು ಹೆಂಗಸೊಬ್ಬಳನ್ನು ಹುಡುಕಿಕೊಂಡೆವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದಿದ್ದರೂ ಎರಡನೆಯದನ್ನು ಮರೆಯುವಂತಿಲ್ಲ.

8

ಜಾತಹಾರಿಣಿಯನ್ನು ಹಿಮ್ಮೆಟ್ಟಿಸಿದುದು ಕೊನೆಗೆ ಸಾಸಿವೆಯೂ ಅಲ್ಲ, ಕುಡುಗೋಲೂ ಅಲ್ಲ. 1886ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿಯೇ ತೆರೆದ ಕಾಮಾ ಆಸ್ಪತ್ರೆ, 1926ರಲ್ಲಿ ಪರೇಲಿನಲ್ಲಿ ಗಿರಣಿ ಕೆಲಸಗಾರರ ನಡುವೆಯೇ ಬಂದ ನವರೋಸಜಿ ವಾಡಿಯಾ ಹೆರಿಗೆ ಆಸ್ಪತ್ರೆ, ದೇಶದಲ್ಲಿಯೇ ಮೊದಲನೆಯದಾದ 1929ರ ಮುಂಬಯಿ ಹೆರಿಗೆ ಸೌಲಭ್ಯ ಕಾಯಿದೆ, ಗರ್ಭಿಣಿಯರಿಗೆ ಧನುರ್ವಾಯುವಿನ ಲಸಿಕೆ, ಕುದಿಸಿದ ಅಲಗು, ತರಬೇತು ಪಡೆದ ಸೂಲಗಿತ್ತಿ ಇವು ಒಂದೊಂದಾಗಿ ಆ ಕೆಲಸ ಮಾಡಿದವು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತವು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದುದು 2015ರಲ್ಲಿ. ಬಹುಕಾಲದ ಕಾವಲಿಗೆ ಕೊನೆ ದೊರೆತುದು ನಮ್ಮ ಕಾಲದಲ್ಲಿಯೇ ಎಂಬುದು ಸಣ್ಣ ಸಂಗತಿಯಲ್ಲ.

ಹಾಗೆಂದು ಕಾವಲು ಕಾದವರ ನೆನಪು ಅಳಿಯಬೇಕಾಗಿಲ್ಲ. ಮುಂಬಯಿಯ ಕನ್ನಡ ಮನೆಗಳಲ್ಲಿ ಬಾವಿಯ ಬದಲಿಗೆ ನಲ್ಲಿಗೇ ಅರಿಶಿನ, ಕುಂಕುಮ ಹಚ್ಚಿ ಗಂಗೆಪೂಜೆ ಮುಗಿಸಿದ, ಆಸ್ಪತ್ರೆಯ ಮಂಚದ ದಿಂಬಿನ ಕೆಳಗೂ ಚಿಕ್ಕ ಚಾಕುವನ್ನಿಟ್ಟ ಅಜ್ಜಿಯರ ಮಾತುಗಳನ್ನು ದಾಖಲಿಸುವ ಕೆಲಸ ನಡೆಯಬೇಕಾಗಿದೆ. ಜಾಕ್ಸನನ ಪ್ರಶ್ನಾವಳಿ ಬಾಗಿಲ ಹೊರಗೆ ನಿಂತಿತ್ತು. ಒಳಗಿನ ಮಾತನ್ನು ಹೆಂಗಸರ ಬಾಯಿಂದಲೇ ಕೇಳಬೇಕಾದವರು ನಾವು.

ಕೊನೆಯಲ್ಲಿ ಮಾರ್ಕಂಡೇಯ ಪುರಾಣದ ಕಥೆಗೆ ಒಮ್ಮೆ ಹಿಂದಿರುಗೋಣ. ಅದಲುಬದಲಾದ ಎರಡು ಕೂಸುಗಳಿಗೆ ಅಲ್ಲಿ ಹೆಸರುಗಳಿವೆ: ಒಂದು ಆನಂದ, ಇನ್ನೊಂದು ಚೈತ್ರ. ಒಬ್ಬನು ಮನುವಾದನು, ಇನ್ನೊಬ್ಬನಿಗೆ ರಾಜ್ಯ ದೊರೆಯಿತು. ಬೋಧನ ಮನೆಯಲ್ಲಿ ಹುಟ್ಟಿದ ಮೂರನೆಯ ಕೂಸಿಗೆ ಹೆಸರಿಲ್ಲ. ನಮ್ಮಲ್ಲಿ ನಾಮಕರಣ ನಡೆಯುವುದು ಸಾಮಾನ್ಯವಾಗಿ ಹನ್ನೆರಡನೆಯ ದಿನ. ಆರನೆಯ ರಾತ್ರಿಯನ್ನು ದಾಟದ ಕೂಸು ಹೆಸರಿಲ್ಲದೆಯೇ ಹೋಗುತ್ತದೆ. 1921ರ ಮುಂಬಯಿಯ ಲೆಕ್ಕದಲ್ಲಿರುವವರಲ್ಲಿ ಎಷ್ಟೋ ಮಂದಿ ಈ ಮೂರನೆಯ ಕೂಸುಗಳೇ. ಬದಲುಕೂಸಿನ ಕಥೆಯನ್ನು ಹೇಳಿಕೊಂಡು ಬಂದ ತಾಯಂದಿರು ಬಹುಶಃ ಹೆಸರಿಡುವ ಮೊದಲೇ ಕಳೆದುಕೊಂಡುದನ್ನು, ಎಲ್ಲೋ ಬೇರೊಂದು ಮನೆಯಲ್ಲಿ ಬೆಳೆಯುತ್ತಿದೆಯೆಂದು, ಉಳಿಸಿಕೊಳ್ಳಲು ಯತ್ನಿಸುತ್ತಿದ್ದರು.